ನಾಲ್ಕು ಊರಿನ ಶಾರ್ಟ್‌ಕಟ್ ಪುರಾಣ

ನಮ್ಮ ಕಚೇರಿಯಲ್ಲಿ ಕಂಪ್ಯೂಟರ್ ತಾನಾಗಿ ಕೆಟ್ಟಿದ್ದು ಕಡಿಮೆ. ಚೆನ್ನಾಗಿಟ್ಟುಕೊಳ್ಳೋಣ ಅಂತ ಹೋಗಿ ಕೆಡಿಸಿದ್ದೇ ಹೆಚ್ಚು. ಆ ಕಂಪ್ಯೂಟರ್‌ಗಳನ್ನ ನೋಡಿಕೊಳ್ಳೋ ನನ್ನ ಅರ್ಧ ತಲೆ ನರೆತಿದ್ದು ಇದರಿಂದಲೇ.

ನಮ್ಮದು ಕಡಲೆಕಾಯಿ ಬಿತ್ತನೆಬೀಜದ ಸಂಸ್ಥೆ. ಮುಖ್ಯ ಕಚೇರಿ ಮಧುಗಿರಿ. ಶಾಖೆಗಳು ಶಿರಾ, ಕೊರಟಗೆರೆ, ಪಾವಗಡ. ಕಾಗದಪತ್ರವೆಲ್ಲ ಮಧುಗಿರಿಯ ಸರ್ವರ್‌ನಲ್ಲಿ ಇರುತ್ತೆ. ಒಂದೇ ಕ್ಲಿಕ್ಕಿಗೆ ಅಲ್ಲಿಗೆ ಹೋಗಲಿ ಅಂತ ಎಲ್ಲರ ಪರದೆ ಮೇಲೂ ನಾನೇ ಶಾರ್ಟ್‌ಕಟ್ ಇಟ್ಟುಕೊಟ್ಟೆ. ಮೂಲೆಯಲ್ಲಿ ಪುಟ್ಟ ಬಾಣದ ಗುರುತು. ಅಲ್ಲಿ ಫೈಲ್ ಇರಲ್ಲ, ಫೈಲಿಗೆ ಹೋಗೋ ದಾರಿ ಮಾತ್ರ ಇರುತ್ತೆ. ಇಷ್ಟು ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ನನ್ನ ಮನೆ ಮಧುಗಿರಿ, ಕೆಲಸ ಪಾವಗಡ. ದಿನಾ ಬಸ್ಸಲ್ಲಿ ನಿಂತು ಸೊಂಟ ಬಿದ್ದುಹೋಗಿತ್ತು. "ಪರವಾನಗಿ ತಪಾಸಣೆ ದಿನ ಅಧಿಕಾರಿ ಕೇಳಿದ ಫೈಲೆಲ್ಲ ತೆರ್ಕೊಂಡ್ರೆ ನಿನ್ನ ಮಧುಗಿರಿಗೇ ಹಾಕಿಸ್ತೀನಮ್ಮ" ಅಂತ ಮ್ಯಾನೇಜರ್ ಮಾತು ಕೊಟ್ಟಿದ್ದರು. ಆ ಒಂದು ಮಾತಿಗಾಗಿ ನಾನು ಇವರನ್ನೆಲ್ಲ ಸಹಿಸಿಕೊಂಡೆ.

ಕೊರಟಗೆರೆ: ಜೋಪಾನ

ಅಲ್ಲಿನ ಸೂಪರ್‌ವೈಸರ್ ಬಹಳ ಮುಂಜಾಗ್ರತೆಯ ಮನುಷ್ಯ. ಒಂದಿನ ಎದೆಯುಬ್ಬಿಸಿ ಹೇಳಿದರು: "ಮೇಡಂ, ಸರ್ವರ್ ಸುಟ್ಟೋದ್ರೂ ನಂಗೆ ಭಯ ಇಲ್ಲ. ಇಷ್ಟು ವರ್ಷದ ದಾಖಲೆ ಪೂರ್ತಿ ಪೆನ್‌ಡ್ರೈವ್‌ಗೆ ಹಾಕ್ಬುಟ್ಟಿವ್ನಿ. ಕಣ್ಣು ಮಿಟುಕಿಸೋದ್ರಲ್ಲಿ ಕಾಪಿ ಆಯ್ತು."

ಕಣ್ಣು ಮಿಟುಕಿಸೋದ್ರಲ್ಲಿ ಅಂದಾಗಲೇ ನನಗೆ ಅನುಮಾನ ಬಂತು. ತೆಗೆದು ನೋಡಿದರೆ ಬಾಣದ ಚಿತ್ರ ಒಂದೇ. "ಸಾರ್, ಇದು ಬರೀ ವಿಳಾಸ. ನೆಂಟರ ವಿಳಾಸ ಬರ್ಕೊಂಡು ಬಂದ್ರೆ ನೆಂಟರು ಬಂದಂಗಾಯ್ತಾ?" ಅಂದೆ.

ಅವರ ಮುಖ ಇಳಿದುಹೋಯಿತು. "ಹಂಗಾದ್ರೆ ನಮ್ಮನೆಯವಳು ಇಷ್ಟು ದಿನ ದೇವರ ಮನೇಲಿಟ್ಟು ದಿನಾ ಮಂಗಳಾರತಿ ಮಾಡ್ತಿದ್ದಿದ್ದು ವಿಳಾಸಕ್ಕಾ?"

ಶಿರಾ: ಸಾಂಕ್ರಾಮಿಕ

ಶಿರಾದ ಸ್ಟೋರ್‌ಕೀಪರ್ ಫೋನ್ ಮಾಡಿದ. "ಜಲ್ದಿ ಬನ್ನಿ ಮೇಡಂ, ಎಲ್ಲಾ ಫೋಲ್ಡರ್‌ಗೂ ಬಾಣ ಹತ್ಕೊಂಡೈತೆ. ವೈರಸ್ಸು! ಬೇರೆ ಊರಿಗೆ ಹಬ್ಬಬಾರ್ದು ಅಂತ ನೆಟ್ ವೈರ್ ಕಿತ್ತಾಕ್ಬುಟ್ಟೆ."

"ಅಯ್ಯೋ ಪುಣ್ಯಾತ್ಮ, ಆ ಬಾಣ ಇಟ್ಟಿದ್ದು ನಾನೇ ಕಣಪ್ಪ. ವೈರ್ ಹಾಕು!"

ಆತ ನಂಬಲಿಲ್ಲ. ಪರೀಕ್ಷೆಗೆ ಅಂತ ವೈರ್ ಇಲ್ಲದೆಯೇ ಒಂದು ಫೋಲ್ಡರ್ ಒತ್ತಿ ನೋಡಿದ. ತೆರೆಯಲಿಲ್ಲ. "ನೋಡಿದ್ರಾ?" ಅಂದ, ಗೆದ್ದವನ ಹಾಗೆ. "ಆಗ್ಲೇ ತಿಂದಾಕ್ಬುಡ್ತು!"

ಪಾವಗಡ: ಕಸಗುಡಿಸು

ಪಾವಗಡದ ಹಿರಿಯ ಗುಮಾಸ್ತೆ ಮಾತಲ್ಲಿ ಅರ್ಧ ತೆಲುಗು, ಅಚ್ಚುಕಟ್ಟಿಗೆ ಹೆಸರಾದವರು. ಮೇಜಿನ ಮೇಲೆ ಒಂದು ಪಿನ್ನೂ ಬಿದ್ದಿರಬಾರದು. ಒಂದು ಸಂಜೆ ನೋಡುತ್ತೇನೆ, ಸರ್ವರ್‌ನಲ್ಲಿ ಪಾವಗಡದ ಫೋಲ್ಡರ್ ಖಾಲಿ.

"ಅಕ್ಕಾ, ಫೈಲೆಲ್ಲ ಎಲ್ಲಿ?"

"ಒಂದೇ ಸಾಮಾನು ಎರಡು ಕಡೆ ಎಂದುಕಮ್ಮಾ? ನನ್ನ ಪರದೆ ಮೇಲೆ ಚಿಕ್ಕದು ಐತಲ್ಲ. ಅಲ್ಲಿದ್ದ ದೊಡ್ಡದು ತೀಸೇಶಾನು, ಅಳಿಸಾಕ್ದೆ. ಎಷ್ಟು ಜಾಗ ಉಳೀತು ನೋಡು!"

ರಾತ್ರಿವರೆಗೂ ಕೂತು ಬ್ಯಾಕಪ್‌ನಿಂದ ಒಂದೊಂದಾಗಿ ಎಲ್ಲ ವಾಪಸ್ ತಂದು ತುಂಬಿಸಿದೆ. ಅಕ್ಕ ಹಿಂದೆ ಬಂದು ನಿಂತು ಪರದೆ ನೋಡಿದರು, ಸಿಟ್ಟಾದರು: "ಈಗ ತಾನೇ ಗುಡಿಸಿದ್ದೆ ಕಣಮ್ಮ, ಮತ್ತೆ ತಂದು ಸುರಿದ್ಯಾ?"

ಮಧುಗಿರಿ: ತಪಾಸಣೆ

ಇನ್ನು ನಮ್ಮ ಮ್ಯಾನೇಜರ್. ಹಣೆ ತುಂಬ ವಿಭೂತಿ, ದೈವಭಕ್ತರು. ಸರ್ವರ್ ಮೇಲೆ ಪೂರ್ತಿ ಅಧಿಕಾರ ನನಗೂ ಬೇಕು ಅಂತ ಹಟ ಹಿಡಿದು ಪಡೆದಿದ್ದರು.

ತಪಾಸಣೆಯ ಬೆಳಿಗ್ಗೆ ನಾನು ಪಾವಗಡದ ಬಸ್ಸಲ್ಲಿದ್ದೆ. ಮಿಡಿಗೇಶಿ ಹತ್ತಿರ ಫೋನ್ ಶುರುವಾಯಿತು. ಕೊರಟಗೆರೆಯಲ್ಲಿ ಫೈಲ್ ತೆರೀತಿಲ್ಲ, ಶಿರಾದಲ್ಲಿ ತೆರೀತಿಲ್ಲ, ಪಾವಗಡದಲ್ಲೂ ಇಲ್ಲ. ಅಕ್ಕನ ಮೇಲೆ ಅನುಮಾನ ಬಂತು; "ನಾನು ಪೊರಕೆ ಮುಟ್ಟೇ ಇಲ್ಲ" ಅಂದರು. ನನ್ನ ವರ್ಗಾವಣೆ ಕೈಬಿಟ್ಟು ಹೋಯಿತು ಅಂದುಕೊಂಡೆ, ಅಳುವೇ ಬಂತು.

ಕೊನೆಗೆ ಮ್ಯಾನೇಜರಿಗೆ ಫೋನ್ ಮಾಡಿದೆ. "ಸಾರ್, ಸರ್ವರ್ ಯಾರಾದ್ರೂ ಮುಟ್ಟಿದ್ರಾ?"

"ಯಾರೂ ಇಲ್ಲಮ್ಮ. ಒಳ್ಳೇ ಕೆಲ್ಸ, ಮೊದ್ಲು ದೇವರ ಹೆಸರು ಬರೀಬೇಕಲ್ಲ? ದೊಡ್ಡ ಫೋಲ್ಡರ್ ಹೆಸರಿನ ಮುಂದೆ 'ಶ್ರೀ' ಸೇರಿಸ್ದೆ, ಅಷ್ಟೇ."

ಅಷ್ಟೇ ಅಂತೆ! ಹೆಸರು ಬದಲಾದ ಮೇಲೆ ನಾಲ್ಕೂ ಊರಿನ ಶಾರ್ಟ್‌ಕಟ್‌ಗಳು ಹಳೇ ಹೆಸರನ್ನೇ ಹುಡುಕಿಕೊಂಡು ಅಲೆಯುತ್ತಿದ್ದವು. "ಸಾರ್, ಆ ಶ್ರೀ ತಕ್ಷಣ ಅಳಿಸಿ!"

"ಬುಡ್ತು ಅನ್ನು! ಇಂಥ ದಿನ ಶ್ರೀಕಾರ ಅಳಿಸೋದಾ? ಪರವಾನಗಿ ಹೋದ್ರೂ ಹೋಗ್ಲಿ, ಈ ಕೈಲಿ ಅಳಿಸಲ್ಲ." ಅಕೌಂಟೆಂಟ್‌ನ ಕರೆಸಿದರು, ಅವನೂ ಕೈ ಹಿಂದಕ್ಕೆ ಕಟ್ಟಿಕೊಂಡ. ಅಷ್ಟರಲ್ಲಿ ಅಧಿಕಾರಿಯ ಜೀಪು ಬಾಗಿಲಿಗೆ ಬಂದ ಸದ್ದು ಫೋನಲ್ಲೇ ಕೇಳಿಸಿತು.

ನನಗೆ ಯಾವ ದೇವರು ಬುದ್ಧಿ ಕೊಟ್ಟನೋ! "ಸಾರ್, ಅಳಿಸ್ಬೇಡಿ. ಗುಡಿ ಜೀರ್ಣೋದ್ಧಾರ ಮಾಡೋವಾಗ ದೇವರನ್ನ ಪಕ್ಕದ ಗುಡಿಗೆ ಕರ್ಕೊಂಡೋಗಲ್ವಾ? ಹಂಗೇ ಶ್ರೀ ಕಟ್ ಮಾಡಿ, ಒಳಗೆ ಒಂದು ಹೊಸ ಫೋಲ್ಡರ್ ತೆಗೆದು ಅದಕ್ಕೆ ಹೆಸರಾಗಿ ಪೇಸ್ಟ್ ಮಾಡಿ."

"ಹಂಗಂದ್ರೆ ಸರಿ," ಅಂದವರೇ ಏನೋ ಮಂತ್ರ ಹೇಳುತ್ತಾ ದೇವರನ್ನ ಸಾಗಿಸಿದರು. ನಾಲ್ಕೂ ಊರಲ್ಲಿ ಫೈಲ್ ತೆರೆದುಕೊಂಡವು. ನಾನು ಬಸ್ಸಲ್ಲೇ ಕೈಮುಗಿದೆ.

ಮ್ಯಾನೇಜರ್ ಗಡಿಬಿಡಿಯಲ್ಲಿ ಫೋನ್ ಕಟ್ ಮಾಡಿರಲಿಲ್ಲ. ಅಧಿಕಾರಿ ಕೂತು ಕೇಳಿದ್ದೆಲ್ಲ ತೆರೆದು ನೋಡಿದರು. "ಎಲ್ಲಾ ಸರಿಯಾಗಿದೆ" ಅಂದರು. ಆ ಕ್ಷಣಕ್ಕೆ ನಾನು ಮನಸ್ಸಿನಲ್ಲೇ ಮಧುಗಿರಿಗೆ ವರ್ಗವಾದೆ. ಆಮೇಲೆ ಅವರ ಕಣ್ಣು ಬೇರೆಲ್ಲೋ ಬಿತ್ತು. "ಇದೇನ್ರೀ, ಶ್ರೀ ಅಂತ ಫೋಲ್ಡರ್? ತೆಗೀರಿ, ನೋಡೋಣ."

ನಾನು ಸೀಟಿನ ಕಂಬಿ ಬಿಗಿಯಾಗಿ ಹಿಡಿದೆ.

ಮ್ಯಾನೇಜರ್ ಬಹಳ ವಿನಯದಿಂದ ಹೇಳಿದರು: "ಧಾರಾಳವಾಗಿ ತೆಗೀರಿ ಸಾರ್. ಆದ್ರೆ ದಯವಿಟ್ಟು... ಶೂ ಬಿಟ್ಟು."