ಕೆಂಚಿಗೆ ಬ್ಯಾಲೆನ್ಸರ್ ಬಡಿಸಿದ್ದು

ನಾನು ಮೂವತ್ತು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದವನು. ನನ್ನ ಹಾಸ್ಟೆಲ್ಲಿಗೆ ಬಡಕಲಾಗಿ ಬಂದ ಯಾವ ಹುಡುಗನೂ ಬಡಕಲಾಗಿಯೇ ಹೊರಗೆ ಹೋದದ್ದಿಲ್ಲ. ಇನ್ನೂರು ಹೊಟ್ಟೆ ತುಂಬಿಸಿದವನಿಗೆ ಒಂದು ಕುದುರೆಯ ಹೊಟ್ಟೆ ಯಾವ ಮಹಾ ಲೆಕ್ಕ? ಹೀಗೆಂದು ಹೇಳಿದವನು ನಾನೇ. ಬಸವಾಪಟ್ಟಣದ ನಮ್ಮ ಬೀದಿಗೆಲ್ಲ ಕೇಳುವ ಹಾಗೆ ಹೇಳಿದ್ದೆ. ಈಗ ಅದನ್ನು ಯಾರೂ ಮರೆಯುತ್ತಿಲ್ಲ.

ಕುದುರೆ ನನ್ನದಲ್ಲ. ಜಗಳೂರು ಕಡೆಯ ಕುರಿಗಾಹಿ ಬೀರಪ್ಪನದು. ಪ್ರತಿ ವರ್ಷ ಭತ್ತದ ಕೊಯ್ಲು ಮುಗಿದ ಮೇಲೆ ಅವನು ಗೊಬ್ಬರಕ್ಕಾಗಿ ನಮ್ಮ ಗದ್ದೆಯಲ್ಲಿ ಕುರಿಮಂದೆ ನಿಲ್ಲಿಸುತ್ತಾನೆ. ಆಮೇಲೆ ನ್ಯಾಮತಿ, ಸವಳಂಗದ ಕಡೆ ಎರಡು ತಿಂಗಳು ಮೇಯಿಸಿಕೊಂಡು ಅದೇ ದಾರಿಯಲ್ಲಿ ಊರಿಗೆ ವಾಪಸಾಗುತ್ತಾನೆ. ಕಳೆದ ಸಲ ಅವನ ಹೆಣ್ಣುಕುದುರೆ ಕೆಂಚಿ ಜ್ವರದಿಂದ ಎದ್ದು ಪಕ್ಕೆಲುಬು ಎಣಿಸುವ ಹಾಗಾಗಿತ್ತು.

"ಸಾಹೇಬ್ರೆ, ಇವಳು ಇಲ್ಲೇ ಇರ್ಲಿ. ಹೋಗಾಕೆ ತಮ್ಮನ ಕುದುರೆ ಸಾಕು. ಬರಾಕೆ ಮಾತ್ರ ಇವಳು ಬೇಕೇ ಬೇಕು. ಅಷ್ಟೊತ್ತಿಗೆ ಕುರಿ ಈದಿರ್ತಾವೆ. ನಡಿಯಾಕೆ ಆಗದ ಮರಿ ಎಲ್ಲಾ ಇವಳ ಬೆನ್ನ ಮ್ಯಾಲೇ ಬರ್ಬೇಕು" ಎಂದ ಬೀರಪ್ಪ.

"ನೀನು ವಾಪಸ್ ಬಂದಾಗ ಗುರುತೇ ಸಿಗಬಾರ್ದು, ಹಂಗೆ ಮಾಡಿ ಕೊಡ್ತೀನಿ!" ಎಂದೆ. ಕೊಟ್ಟ ಮಾತಿನಲ್ಲಿ ಅದೊಂದನ್ನು ಮಾತ್ರ ಚಾಚೂ ತಪ್ಪದೆ ನಡೆಸಿದೆ.

ಎದುರುಮನೆ ಹಾಲೇಶಪ್ಪ ಜಗುಲಿಯಲ್ಲೇ ಕೂತು ಸಲಹೆ ಕೊಟ್ಟರು. "ಒಣಹುಲ್ಲು ಹಾಕ್ರಿ, ನೀರು ಕುಡಿಸ್ರಿ, ದಿನಾ ಕಾಲುವೆ ಏರಿ ಮ್ಯಾಲೆ ನಡೆಸ್ರಿ. ಇನ್ನೇನು ಬೇಕು ಅದಕ್ಕೆ?"

ಹಾಲೇಶಪ್ಪ ಮೊಬೈಲಿನಲ್ಲಿ ಏನನ್ನೂ ಓದಿದವರಲ್ಲ. ನಾನು ಎರಡು ದಿನ ಓದಿದ್ದೆ! ಅಶ್ವಾಹಾರ ಆಯ್ಕೆ ಸಮಿತಿಯೊಂದನ್ನೂ ರಚಿಸಿದ್ದೆ. ಅಧ್ಯಕ್ಷ, ಕಾರ್ಯದರ್ಶಿ, ಸದಸ್ಯ ಮೂವರೂ ನಾನೇ. ಹುಲ್ಲು ಮೇಯುವ ಕುದುರೆಗೆ ಹೊಟ್ಟೆಯೇನೋ ತುಂಬುತ್ತದೆ, ಆದರೆ ಖನಿಜ, ವಿಟಮಿನ್ನು ಸಾಲುವುದಿಲ್ಲ. ಆ ಕೊರತೆಯನ್ನಷ್ಟೇ ತುಂಬುವುದಕ್ಕೆ 'ರೇಷನ್ ಬ್ಯಾಲೆನ್ಸರ್' ಎಂಬ ಗುಳಿಗೆಯಂಥ ಆಹಾರ ಬರುತ್ತದೆ, ಸ್ವಲ್ಪವೇ ಸಾಕು, ಬೊಜ್ಜು ಬರುವುದಿಲ್ಲ. ಕೆಂಚಿಗೆ ಇದೇ ಸರಿ ಎಂದು ಸಮಿತಿ ಸರ್ವಾನುಮತದಿಂದ ತೀರ್ಮಾನಿಸಿತು. ಇಲ್ಲಿಯವರೆಗೆ ನಾನು ಒಂದು ತಪ್ಪನ್ನೂ ಮಾಡಿಲ್ಲ. ಮುಂದೆ ಈ ಮಾತು ಹೇಳಲು ಅವಕಾಶ ಸಿಗುವುದಿಲ್ಲವಾದ್ದರಿಂದ ಈಗಲೇ ಹೇಳಿಬಿಡುತ್ತೇನೆ.

ಚನ್ನಗಿರಿಯ ಪಶು ಆಹಾರದ ಅಂಗಡಿಯವರು ಮೂರು ತರಹದ ಚೀಲ ತರಿಸಿಕೊಟ್ಟರು. ಒಂದು ಓಡುವ ಕುದುರೆಗೆ, ಒಂದು ಮರಿ ಹಾಕಿದ ಕುದುರೆಗೆ, ಇನ್ನೊಂದು ಬ್ಯಾಲೆನ್ಸರ್. ಅದರ ಮೇಲಿನ ಚಿತ್ರದ ಕುದುರೆ ಎಣ್ಣೆ ಹಚ್ಚಿದ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಅಂಗಡಿಯವರು ಒಂದು ಅಳತೆ ಲೋಟವನ್ನೂ ಕೈಗಿಟ್ಟರು.

"ಸಣ್ಣ ಕುದುರೆ ಅಂತೀರಿ, ದಿನಕ್ಕೆ ಇದ್ರಾಗೆ ಒಂದೇ ಒಂದು. ಇದು ಶುರು ಮಾಡಿದ್ಮ್ಯಾಲೆ ಹುರುಳಿ, ಬೂಸಾ ನಿಲ್ಲಿಸ್ಬೇಕು."

"ಒಂದೇನಾ? ನಮ್ಮ ಹಾಸ್ಟೆಲ್ಲಾಗೆ ಉಪ್ಪಿನಕಾಯಿನೇ ಇದಕ್ಕಿಂತ ಜಾಸ್ತಿ ಹಾಕ್ತಿದ್ವಲ್ರೀ!"

ಮನೆಗೆ ಬಂದು ಚೀಲದ ಮೇಲಿನ ಪಟ್ಟಿ ನೋಡಿದೆ. ಕುದುರೆಯ ತೂಕಕ್ಕೆ ತಕ್ಕ ಹಾಗೆ ಕೊಡಬೇಕಂತೆ. ನಾನು ಚಿತ್ರದ ಕುದುರೆಯ ತೂಕವನ್ನು ಅಂದಾಜಿಸಿದೆ. ಕೆಂಚಿ ನನ್ನ ಎದೆಯೆತ್ತರವೂ ಇರಲಿಲ್ಲ, ನಿಜ. ಆದರೆ ಮುಂದೆ ಆಗಬೇಕಾದ ತೂಕಕ್ಕೆ ಈಗಲೇ ಬಡಿಸಿದರೆ ಬೇಗ ಆಗುತ್ತಾಳಲ್ಲ! ಎರಡೂವರೆ ಲೋಟ ಬಂತು. ಅರ್ಧ ಯಾಕೆ ಉಳಿಸುವುದೆಂದು ಮೂರು ಮಾಡಿದೆ. ನಮ್ಮ ಕಡೆ ಒಂದೇ ಸಲ ಬಡಿಸಿ ಸುಮ್ಮನಾಗುವುದು ಮರ್ಯಾದೆಯೂ ಅಲ್ಲ. ಉಣ್ಣುವವರು ಸಾಕು ಸಾಕೆಂದು ಎಲೆಗೆ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಬಡಿಸುವ ಜನ ನಾವು. ಕೆಂಚಿಗೆ ಅಡ್ಡ ಹಿಡಿಯುವುದಕ್ಕೆ ಕೈಯೂ ಇರಲಿಲ್ಲ. ನಾಲ್ಕಾಯಿತು.

ಹುರುಳಿ ನಿಲ್ಲಿಸುವ ವಿಷಯವನ್ನು ಹೆಂಡತಿ ಗಿರಿಜಳ ಮುಂದಿಟ್ಟೆ. "ಬರೀ ಗುಳಿಗೆ ತಿನ್ಸಿ ಕಟ್ಟಿಹಾಕಾಕೆ ಆಗ್ತೈತೇನ್ರೀ? ಜ್ವರ ಬಿಟ್ಟ ಜೀವ ಅದು" ಎಂದು ಬೇಯಿಸಿದ ಹುರುಳಿಗೆ ಬೆಲ್ಲ ಬೆರೆಸಿ ತಂದಳು. ನಾನು ಸೂಳೆಕೆರೆಯ ಅಂಚಿನಿಂದ ಸ್ಕೂಟರಿನಲ್ಲಿ ಹಸಿಹುಲ್ಲು ಹೊತ್ತು ತಂದೆ. ಬಿಸಿಲಿಗೆ ಸುಸ್ತಾದಾಳೆಂದು ನಡೆಸುವುದನ್ನು ಕೈಬಿಟ್ಟೆ.

ತಿಂಗಳೊಳಗೆ ಕೆಂಚಿ ಮಿಂಚತೊಡಗಿದಳು. ಪಕ್ಕೆಲುಬು ಮಾಯವಾದವು, ಹೊಟ್ಟೆ ಎರಡೂ ಕಡೆ ಹೊರಗೆ ಬಂತು. ಹೊರೆ ಕಟ್ಟುವ ಪಟ್ಟಿ ಎಟುಕಲಿಲ್ಲ. ಒಂದು ಮೊಳ ಹಗ್ಗ ಸೇರಿಸಿ ಉದ್ದ ಮಾಡಿದೆ. ಪ್ರಗತಿ ಎಂದರೆ ಅದು! ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡೆ.

ಬೀರಪ್ಪ ಬರಲು ಎಂಟು ದಿನವಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಕೆಂಚಿ ಮುಂಗಾಲನ್ನು ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದಾಳೆ. ಒಂದು ಹೆಜ್ಜೆಯನ್ನೂ ಇಡಲೊಲ್ಲಳು. ಗೊರಸು ಮುಟ್ಟಿದರೆ ಬೆಚ್ಚಗಿತ್ತು. ಇದು ನಿಶ್ಶಕ್ತಿಯೇ ಎಂದು ತೀರ್ಮಾನಿಸಿ ಇನ್ನೊಂದು ಲೋಟ ಹಾಕಿದೆ. ಆ ಒಂದು ಲೋಟವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮಾರನೇ ದಿನ ಅವಳು ಮಲಗಿಬಿಟ್ಟಳು. ಪಶುವೈದ್ಯರು ಬಂದು, "ಏನೇನು ಹಾಕ್ತಿದ್ರಿ?" ಎಂದರು. ಹಾಸ್ಟೆಲ್ಲಿನ ಊಟದ ಪಟ್ಟಿ ಓದುವ ಗತ್ತಿನಲ್ಲೇ ಶುರು ಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಅವರು ಬರೆಯುವುದನ್ನು ನಿಲ್ಲಿಸಿದ್ದರು.

"ತಿಂದು ತಿಂದು ಗೊರಸಿನೊಳಗೆ ಬಾವು ಬಂದೈತೆ ಸರ್. ಒಳಗೆ ಉರೀತಿರ್ತೈತೆ. ಬೇರೆ ಹೊರೆ ಹಂಗಿರ್ಲಿ, ಅವಳ ಮೈಯೇ ಅವಳಿಗೆ ಹೊರೆ ಆಗೈತೆ. ಇನ್ನು ಕೆಲವು ತಿಂಗಳು ಬೆನ್ನ ಮ್ಯಾಲೆ ಏನೂ ಹಾಕಂಗಿಲ್ಲ."

ಔಷಧಿ ಕೊಟ್ಟರು. ಕಾಲಡಿಗೆ ಮರಳು ಹಾಸಿದೆ, ಗೊರಸಿಗೆ ತಣ್ಣೀರು ಹುಯ್ಯುತ್ತಾ ಕೂತೆ. ಅಷ್ಟು ನೋವಿನಲ್ಲೂ ಕೆಂಚಿ ನನ್ನ ಜೇಬಿಗೆ ಮೂತಿ ತೂರಿಸಿ ಹುಡುಕಿದಳು. ಅವಳಿಗೆ ನನ್ನ ಮೇಲೆ ನಂಬಿಕೆ ಹೋಗಿರಲಿಲ್ಲ. ನಾನು ಅತ್ತದ್ದು ಆಗಲೇ.

ಬೀರಪ್ಪ ಹೇಳಿದ ದಿನವೇ ಬಂದ. ತಮ್ಮನ ಕುದುರೆಯ ಚೀಲಗಳಿಂದ ಮರಿಗಳ ತಲೆಗಳು ಇಣುಕುತ್ತಿದ್ದವು. ಜಾಗ ಸಾಲದೆ ಉಳಿದ ಮರಿಗಳು ಬೀರಪ್ಪ ಮತ್ತು ಅವನ ಹೆಂಡತಿಯ ತೋಳಿನಲ್ಲಿದ್ದವು. ದೂರದಿಂದಲೇ "ಕೆಂಚೀ!" ಎಂದು ಕೂಗಿದ. ಅವಳು ಕೆನೆದು ಎರಡು ಹೆಜ್ಜೆ ಹಾಕಿ ನಿಂತುಬಿಟ್ಟಳು. ಅವನು ಕೂತು ಗೊರಸು ಮುಟ್ಟಿದ, ಹೊಟ್ಟೆ ನೋಡಿದ, ಉದ್ದ ಮಾಡಿದ ಪಟ್ಟಿಯನ್ನೂ ನೋಡಿದ.

"ತಪ್ಪಾಯ್ತು ಬೀರಪ್ಪ" ಎಂದೆ.

"ಬಿಡ್ರಿ ಸಾಹೇಬ್ರೆ. ನೀವೇನು ಉಪವಾಸ ಕೆಡವಿದ್ರಾ? ಪ್ರೀತಿಯಿಂದ ಹಾಕೀರಿ."

ನಾಲ್ಕು ಬೈದಿದ್ದರೆ ಹಗುರಾಗುತ್ತಿದ್ದೆ. ಅವನು ಕೆಂಚಿಯ ಹಗ್ಗ ಬಿಚ್ಚಿದ. ಹೆಜ್ಜೆಗೊಮ್ಮೆ ನಿಲ್ಲಿಸುತ್ತಾ ಬೀದಿ ದಾಟಿಸಿ ಹಾಲೇಶಪ್ಪನವರ ಹಿತ್ತಲಿಗೆ ಕರೆದುಕೊಂಡು ಹೋದ. "ವಾಸಿ ಆಗೋತನಕ ಇಲ್ಲೇ ಇರ್ಲಿ ಸಾಹೇಬ್ರೆ. ನಿಮಗೂ ಕಣ್ಣೆದುರಿಗೇ ಇರ್ತಾಳೆ" ಎಂದ. ನನಗೆ ನೋವಾಗದಿರಲೆಂದೇ ಆ ಕೊನೆಯ ಮಾತು ಸೇರಿಸಿದ್ದು.

ಪ್ರಾಯಶ್ಚಿತ್ತಕ್ಕೆಂದು ನಾನೂ ಒಂದು ಮರಿ ಎತ್ತಿಕೊಂಡು ಅವರ ಜೊತೆ ಹೊರಟೆ. ಜಗಳೂರಿನವರೆಗೂ ಬರುತ್ತೇನೆಂದೆ! ಊರಾಚೆಯ ಸೇತುವೆ ದಾಟುವಷ್ಟರಲ್ಲಿ ಏದುಸಿರು ಬಂತು. ಆಗಲೇ ಎರಡು ಮರಿ ಹೊತ್ತಿದ್ದ ಬೀರಪ್ಪ ನನ್ನ ಕೈಯಲ್ಲಿದ್ದದ್ದನ್ನೂ ತಾನೇ ತೆಗೆದುಕೊಂಡ. ಮರಿ ನನ್ನ ಬಗ್ಗೆ ತನ್ನ ಅಭಿಪ್ರಾಯವನ್ನು ಅಂಗಿಯ ಮೇಲೆ ಬಿಟ್ಟುಹೋಗಿತ್ತು.

ಕೆಂಚಿ ಈಗ ಒಣಹುಲ್ಲು ತಿಂದುಕೊಂಡು, ಬೆಳಿಗ್ಗೆ ಹಾಲೇಶಪ್ಪನವರ ಹಿಂದೆ ಕಾಲುವೆ ಏರಿಯ ಮೇಲೆ ನಿಧಾನಕ್ಕೆ ನಡೆಯುತ್ತಾಳೆ. ಬ್ಯಾಲೆನ್ಸರ್ ಕೂಡ ಕೊಡುತ್ತಾರೆ, ವೈದ್ಯರು ಹೇಳಿದಷ್ಟು, ಅಳೆದು. ಚೀಲ ನಾನೇ ಆರಿಸಿದ್ದು, ಬಡಿಸುವ ಅಧಿಕಾರ ಮಾತ್ರ ನನಗಿಲ್ಲ. ದಿನಾ ಸಂಜೆ ಅವಳನ್ನು ನೋಡಲು ಹೋದರೆ ಹಾಲೇಶಪ್ಪ ಗೇಟಿನಲ್ಲೇ ತಡೆಯುತ್ತಾರೆ. "ಜೇಬು ತೋರ್ಸ್ರಿ ವಾರ್ಡನ್ರೇ!"

ಮೂವತ್ತು ವರ್ಷ ಹುಡುಗರ ಜೇಬು ತಪಾಸಣೆ ಮಾಡಿದವನು ನಾನು. ಎರಡೂ ಜೇಬನ್ನು ಹೊರಗೆಳೆದು ತೋರಿಸುತ್ತಿದ್ದೆ. ಮೊನ್ನೆ ಒಂದರಿಂದ ಬೆಲ್ಲದ ಚೂರು ಬಿತ್ತು. ಅಂದಿನಿಂದ ಗೇಟಿನ ಹೊರಗೇ ನಿಂತು ಮಾತಾಡಿಸಿ ಬರುತ್ತಿದ್ದೇನೆ.