ಯಾವ ಬಾಗಿಲಿಂದ ಬಂದ್ರಿ?

ಎದುರುಮನೆಯ ಹೊಲಿಗೆಯಕ್ಕ ಒಂದು ಹಳೆಯ ಕಬ್ಬಿಣದ ಬೀರು ಕೊಂಡು ತಂದದ್ದೇ ಎಲ್ಲಕ್ಕೂ ಮೂಲ. ಬೀರು ಗಾಡಿಯಿಂದ ಇಳಿಯುವ ಸದ್ದು ಕೇಳಿದೊಡನೆ ಬೀಗ ರಿಪೇರಿಯವನ ಅಪ್ಪ ಹಾಸಿಗೆಯಿಂದಲೇ ಕಿಟಕಿಗೆ ಬಾಗಿದರು. ಹಳೇ ಸಾಮಾನು ಕೊಂಡು ಮಾರಿ ತಲೆ ನರೆಸಿಕೊಂಡ ಜೀವ; ಬೀದಿಗೆ ಬಂದ ಯಾವ ವಸ್ತುವೂ ಅವರಿಗೆ ಬೆಲೆ ಹೇಳದೆ ಒಳಗೆ ಹೋಗುವಂತಿರಲಿಲ್ಲ. "ಎಷ್ಟು ಕೊಟ್ಟೆಯಮ್ಮಾ?" ಎಂದು ಕೂಗಿದರು. ಉತ್ತರ ಬರುವಷ್ಟರಲ್ಲಿ ಅವರ ಹೊಟ್ಟೆಯ ಟ್ಯೂಬು ಕಿಟಕಿಯ ಚಿಲಕಕ್ಕೆ ಸಿಕ್ಕಿಕೊಂಡಿತು. ಅವರು ಹಿಂದೆ ಸರಿದರು, ಟ್ಯೂಬು ಅಲ್ಲೇ ಉಳಿಯಿತು.

ಗಂಟಲ ಕಾಯಿಲೆಯಿಂದ ಅಪ್ಪನಿಗೆ ಏನನ್ನೂ ನುಂಗಲಾಗುತ್ತಿರಲಿಲ್ಲ. ಮಾತಿಗೆ ಮಾತ್ರ ಏನೂ ಕೊರತೆಯಿರಲಿಲ್ಲ. ಹೊಟ್ಟೆಯ ಮೇಲೆ ಸಣ್ಣ ತೂತು ಮಾಡಿ ಇಟ್ಟಿದ್ದ ಆ ಟ್ಯೂಬಿನಲ್ಲೇ ಸೊಸೆ ತೆಳ್ಳಗೆ ಸೋಸಿದ ಊಟ ಹಾಕುತ್ತಿದ್ದಳು. ಟ್ಯೂಬು ಹೊರಬಂದರೆ ಕೆಲವೇ ಗಂಟೆಗಳಲ್ಲಿ ತೂತು ಮುಚ್ಚಿಕೊಳ್ಳುತ್ತದೆ, ಆಮೇಲೆ ಮತ್ತೆ ಆಪರೇಷನ್ನೇ ಗತಿ ಎಂದು ಆಸ್ಪತ್ರೆಯವರು ಮೊದಲೇ ಎಚ್ಚರಿಸಿದ್ದರು.

ಊರವರ ಬೀಗಗಳನ್ನೆಲ್ಲ ರಿಪೇರಿ ಮಾಡುವವನ ಮನೆಯ ಚಿಲಕ ಮಾತ್ರ ವರ್ಷದಿಂದ ಬಾಯಿ ಬಿಟ್ಟುಕೊಂಡೇ ಇತ್ತು. ಹೆಂಡತಿ ಚಿಲಕವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು, ಅಷ್ಟೆ. ಮಾವನ ಹೊಟ್ಟೆಯ ಮೇಲೆ ಒಗೆದ ಬಟ್ಟೆಯೊಂದನ್ನು ಮಡಚಿಟ್ಟು, ಗಂಡನಿಗೆ ಎರಡು ತುತ್ತು ತಿಂದು ಹೊರಡಿ ಎಂದಳು. ಹಿಂದಿನ ರಾತ್ರಿಯೂ ಯಾರದೋ ಅಂಗಡಿಯ ಬೀಗದ ಜೊತೆ ಗುದ್ದಾಡಿ ಅವನು ಉಣ್ಣದೆ ಮಲಗಿದ್ದ.

"ಅಪ್ಪನ ಹೊಟ್ಟೆಗೆ ಬೀಳೋವರೆಗೂ ನನಗೆ ಒಂದು ತುತ್ತೂ ಬೇಡ," ಎಂದ.

ಅವಳು ವಾದಿಸದೆ ತಿಂಡಿಯನ್ನು ಡಬ್ಬಿಗೆ ಹಾಕಿ ಚೀಲದಲ್ಲಿಟ್ಟುಕೊಂಡಳು.

ಅಷ್ಟರಲ್ಲಿ ಟ್ಯೂಬು ಹಾಕಿಸುವ ಬೆಲೆಯ ಚರ್ಚೆ ಶುರುವಾಗಿತ್ತು. ಮೇಲಿನ ಮನೆಯ ನಿವೃತ್ತ ಗುಮಾಸ್ತರು ಇಳಿದು ಬಂದು, ತಮ್ಮ ಷಡ್ಡಕನಿಗೆ ಇದೇ ಟ್ಯೂಬಿಗೆ ಹನ್ನೆರಡು ಸಾವಿರ ಬಿತ್ತು ಎಂದರು. ಹೊಲಿಗೆಯಕ್ಕ ತನ್ನ ಸೋದರತ್ತೆಗೆ ಎರಡು ಸಾವಿರವೂ ಆಗಲಿಲ್ಲ ಎಂದಳು. ಬೀಗದವನು ಫೋನು ಹಿಡಿದ. ಒಂದು ಆಸ್ಪತ್ರೆಯವರು ರೋಗಿಯನ್ನು ನೋಡದೆ ಹೇಳಲಾಗದು ಎಂದರು. ಇನ್ನೊಂದು ಕಡೆ ಟ್ಯೂಬನ್ನು ನೋಡದೆ ಹೇಳಲಾಗದು ಎಂದರು. ಮೂರನೆಯವರು ಒಂದು ನಿಮಿಷ ಎಂದು ಹಾಡು ಹಾಕಿ ಹೊರಟೇ ಹೋದರು.

"ಬೆಲೆ ಗೊತ್ತಾಗ್ದೆ ನನ್ನ ಹೊಟ್ಟೆ ಯಾರೂ ಮುಟ್ಟೋ ಹಾಗಿಲ್ಲ," ಎಂದು ಅಪ್ಪ ಹಟ ಹಿಡಿದರು.

ಕೊನೆಗೆ ಬಾಡಿಗೆ ಕಾರಿನಲ್ಲಿ ಎಲ್ಲರೂ ಹತ್ತಿರದ ಆಸ್ಪತ್ರೆಗೆ ಹೊರಟರು. ಗುಮಾಸ್ತರೂ ಹೊಲಿಗೆಯಕ್ಕನೂ ಬರಲೇಬೇಕಾಗಿತ್ತು. ತಮ್ಮ ಬೆಲೆಯೇ ಸರಿಯೆಂದು ಇಬ್ಬರಿಗೂ ಸಾಬೀತು ಮಾಡುವುದಿತ್ತು.

ಆಸ್ಪತ್ರೆಗೆ ಎರಡು ಬಾಗಿಲು. ಬಲಗಡೆಯ ತುರ್ತು ಚಿಕಿತ್ಸೆಯ ಬಾಗಿಲಿಗೆ ಕೆಂಪು ದೀಪ. ಗಾಬರಿಯಾದವನ ಕಾಲು ತಾನಾಗಿ ಅತ್ತಲೇ ಹೋಗುತ್ತದೆ. ಬೀಗದವನು ಗಾಲಿಕುರ್ಚಿ ತಳ್ಳಿಕೊಂಡು ಕೌಂಟರಿನ ಮುಂದೆ ನಿಂತು ಬೆಲೆ ಕೇಳಿದ. ಅಲ್ಲಿನ ಹೆಂಗಸು ಒಟ್ಟು ಆರು ಸಾವಿರ ಎಂದಳು. ಟ್ಯೂಬಿಗೆ ಬೇರೆ, ಡಾಕ್ಟರು ನೋಡುವುದಕ್ಕೆ ಬೇರೆ, ಹಾಸಿಗೆಗೆ ಬೇರೆ.

"ಅಪ್ಪ ಕುರ್ಚಿಲೇ ಕೂತಿರ್ತಾರಲ್ಲಮ್ಮ, ಹಾಸಿಗೆ ಯಾಕೆ?"

"ಈ ಬಾಗಿಲಿಂದ ಬಂದ್ಮೇಲೆ ಹಾಸಿಗೆ ಲೆಕ್ಕಕ್ಕೆ ಬಂದ ಹಾಗೇ ಸಾರ್."

ಅವನು ತಲೆ ಕೆರೆದುಕೊಳ್ಳುತ್ತಿರುವಾಗ ಅಪ್ಪ ಹೊರಗೆ ಕತ್ತು ಚಾಚಿದ್ದರು. ಎಡಗಡೆಯ ಬಾಗಿಲಿನಿಂದ ಅವರಂಥದೇ ಟ್ಯೂಬು ಹಾಕಿಸಿಕೊಂಡ ಮುದುಕಿಯೊಬ್ಬಳು ಬರುತ್ತಿದ್ದಳು. "ನಿಂಗೆಷ್ಟಾಯ್ತಮ್ಮಾ?" ಸಾವಿರದ ಎಂಟುನೂರು, ಟ್ಯೂಬೂ ಸೇರಿ, ಎಂದಳು ಆಕೆ. ಆದರೆ ಅದು ಹೊರರೋಗಿಗಳ ಬಾಗಿಲು, ಮಧ್ಯಾಹ್ನವಾದರೆ ಮುಚ್ಚುತ್ತದಂತೆ.

ಬೀಗದವನು ಕುರ್ಚಿಯನ್ನು ಗಿರಕ್ಕನೆ ತಿರುಗಿಸಿದ. ಎಂಥೆಂಥ ಬಾಗಿಲುಗಳನ್ನು ಕಂಡವನು. ಹೊಕ್ಕ ದಿಕ್ಕಿನ ಮೇಲೆ ಬೆಲೆ ಏರುವ ಬಾಗಿಲನ್ನು ಕಂಡಿರಲಿಲ್ಲ. ಎಡಗಡೆ ಹೋದರೆ ಹಣ ಕಟ್ಟುವುದು ಮೇಲಿನ ಮಹಡಿಯಲ್ಲಿ, ಟ್ಯೂಬು ಕೊಳ್ಳುವುದು ನೆಲಮಾಳಿಗೆಯಲ್ಲಿ, ಎರಡರ ರಸೀದಿ ತೋರಿಸುವುದು ಇವೆರಡರ ನಡುವೆ. ಲಿಫ್ಟಿನ ತುಂಬ ಹಾಸಿಗೆಗಳು ಪ್ರಯಾಣ ಮಾಡುತ್ತಿದ್ದವು. ಅವನು ಬಾವಿಯ ಕೊಡದಂತೆ ಇಳಿದು ಹತ್ತಿ, ಹತ್ತಿ ಇಳಿದ. ಹೆಂಡತಿ ಮೆಟ್ಟಿಲ ಬಳಿ ಡಬ್ಬಿ ತೆಗೆದಾಗಲೆಲ್ಲ ಆಮೇಲೆ, ಆಮೇಲೆ ಎನ್ನುತ್ತ ದಾಟಿಹೋದ.

ಟ್ಯೂಬು ಹಾಕಲು ಬಂದ ಸಿಸ್ಟರು ಆಗಷ್ಟೇ ಕೆಂಪು ದೀಪದ ಕಡೆ ನಿಂತಿದ್ದವಳೇ. ತೂತು ನೋಡಿ ಹುಬ್ಬು ಗಂಟಿಕ್ಕಿದಳು. ಆಗಲೇ ಬಿಗಿಯಾಗಿದೆ, ಇನ್ನೂ ತಡವಾಗಿದ್ದರೆ ಆಗುತ್ತಿರಲಿಲ್ಲ ಎಂದಳು. ಮೊದಲೊಂದು ಸಣ್ಣ ಟ್ಯೂಬು ಮೆಲ್ಲಗೆ ತೂರಿಸಿ ದಾರಿ ಮಾಡಿದಳು. ಬಾಗಿಲಲ್ಲಿ ಬೀಗದವನು ಉಸಿರು ಬಿಗಿಹಿಡಿದು ನಿಂತಿದ್ದ; ಸವೆದ ಬೀಗಕ್ಕೆ ಕೀಲಿ ಕೂರಿಸುವಾಗಲೂ ಅವನು ಹಾಗೇ ನಿಲ್ಲುತ್ತಿದ್ದ. ಹಾಲು ಉಕ್ಕುವಷ್ಟರಲ್ಲಿ ಸರಿಯಾದ ಟ್ಯೂಬು ಕೂತಿತು. ಸಿಸ್ಟರು ಎಲ್ಲವನ್ನೂ ಪರೀಕ್ಷಿಸಿ ಸರಿಯಾಗಿದೆ ಎಂದ ಮೇಲೆ ಸೊಸೆ ಫ್ಲಾಸ್ಕಿನ ಊಟ ಹಾಕಿದಳು. ಅಪ್ಪನ ಮುಖಕ್ಕೆ ಕಳೆ ಬಂತು.

"ಎಷ್ಟು ಉಳೀತೋ ಮಗನೇ?"

"ನಾಲ್ಕು ಸಾವಿರದ ಇನ್ನೂರು ಅಪ್ಪಾ," ಎಂದು ಬೀಗದವನು ಎದೆ ಉಬ್ಬಿಸಿದ. ಉಬ್ಬಿದ ಎದೆಯ ಕೆಳಗೆ ನಿನ್ನೆಯಿಂದ ಏನೂ ಇರಲಿಲ್ಲ. ಗೋಡೆಗಳು ಒಮ್ಮೆ ಉಯ್ಯಾಲೆಯಾಡಿದವು. ಅವನು ಒಗೆಯಲು ಹಾಕಿದ ಅಂಗಿಯಂತೆ ಮುದುಡಿ ಬಿದ್ದ.

ಗುಮಾಸ್ತರು ತಲೆಯ ಕಡೆ, ಹೊಲಿಗೆಯಕ್ಕ ಕಾಲಿನ ಕಡೆ ಹಿಡಿದು ಎತ್ತಿದರು. ಇಡೀ ದಿನದಲ್ಲಿ ಮೊದಲ ಬಾರಿ ಇಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದು, ಒಂದೇ ದಿಕ್ಕಿಗೆ ಓಡಿದರು.

ಅವನು ಕಣ್ಣು ಬಿಟ್ಟಾಗ ಮೇಲೆ ಗ್ಲೂಕೋಸ್ ಬಾಟಲಿ ತೂಗುತ್ತಿತ್ತು. ಅದರ ಟ್ಯೂಬು ಅವನ ಕೈಗೆ ಬಂದಿತ್ತು. ಬಾಗಿಲ ಮೇಲೆ ಕೆಂಪು ದೀಪ. ಕೌಂಟರಿನ ಹೆಂಗಸು ಚೀಟಿ ಹಿಡಿದು ಬಂದು, ಟ್ಯೂಬಿಗೆ ಬೇರೆ, ಡಾಕ್ಟರಿಗೆ ಬೇರೆ, ಹಾಸಿಗೆಗೆ ಬೇರೆ, ಒಟ್ಟು ನಾಲ್ಕು ಸಾವಿರದ ಐನೂರು ಎಂದಳು. ಈ ಸಲ ಹಾಸಿಗೆಯ ಬಗ್ಗೆ ಅವನಿಂದ ತಕರಾರು ಹೊರಡಲಿಲ್ಲ.

ಅಪ್ಪ ಗಾಲಿಕುರ್ಚಿಯನ್ನು ಹತ್ತಿರ ತಳ್ಳಿಸಿಕೊಂಡರು. "ಇವನನ್ನ ಒಂದ್ಸಲ ಹೊರಗೆ ತಗೊಂಡ್ಹೋಗಿ ಆ ಬಾಗಿಲಿಂದ ತರೋಕಾಗಲ್ವೇನಮ್ಮ?"

"ಆ ಬಾಗಿಲು ಮುಚ್ಚಾಯ್ತು ತಾತಾ."

ಹೆಂಡತಿ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ತಣ್ಣಗಾದ ತಿಂಡಿಯ ಕಡೆ ಅಪ್ಪ ಕುತೂಹಲದಿಂದ ಬಾಗಿದರು.

"ಅದಕ್ಕೆಷ್ಟಮ್ಮಾ?"

"ಬೆಳಗ್ಗೆ ಪುಕ್ಕಟೆ ಇತ್ತು ಮಾವ," ಎಂದಳು ಸೊಸೆ. "ಈಗ ಒಂದು ಚಿಲಕ ರಿಪೇರಿ ಆಗುತ್ತೆ."

ಬೀಗದವನು ಚೌಕಾಸಿ ಮಾಡದೆ ಬಾಯಿ ತೆರೆದ.