ಗುಂಡಿಗೆ ತಕ್ಕ ಸೈಕಲ್

ನಾನು ಏನಾದರೂ ಕೊಳ್ಳಲು ಹೊರಟರೆ ಅದು ಸುಮ್ಮನೆ ಮನೆಗೆ ಬಂದದ್ದೇ ಇಲ್ಲ. ಈ ಸಲ ಸೈಕಲ್. ಸಂಕ್ರಾಂತಿಯೊಳಗೆ ಸಕ್ಕರೆ ಇಳಿಯದಿದ್ದರೆ ಇನ್ಸುಲಿನ್ ಸೂಜಿ ಶುರು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಸೂಜಿ ಎಂದರೆ ನನಗೆ ಕೈಕಾಲು ತಣ್ಣಗಾಗುತ್ತವೆ. ನಾರಾಯಣಗೂಡದ ಮನೆಯಿಂದ ಸಿಕಂದರಾಬಾದಿನ ಆಫೀಸಿಗೆ ಇನ್ನು ದಿನಾ ಸೈಕಲ್ಲೇ ಎಂದು ತೀರ್ಮಾನಿಸಿದೆ.

ಗುಂಡಿ ಪರೀಕ್ಷೆ

ಆ ದಾರಿಯೋ, ಉದ್ದಕ್ಕೂ ಅಗೆದದ್ದೇ. ಸೈಕಲ್ ಅಂಗಡಿಗೆ ಹೋಗಿ ದಪ್ಪ ಟೈರಿನದೇ ಬೇಕೆಂದೆ. ಅಂಗಡಿಯವರು ಒಂದನ್ನು ಇಳಿಸಿ, ಓಡಿಸಿ ನೋಡಿ ಎಂದರು. ಅಂಗಡಿ ಮುಂದಿನ ಓಣಿಯ ಆ ತುದಿಯವರೆಗೆ ಹೋಗಿ ಬಂದೆ. ಎಲ್ಲಾ ಹೊಸ ಡಾಂಬರು! ಈ ಊರಲ್ಲಿ ನಾನು ಗುಂಡಿ ಹುಡುಕಿಕೊಂಡು ಹೋದದ್ದು ಅವತ್ತೊಂದೇ ದಿನ, ಅವತ್ತೇ ಸಿಗಲಿಲ್ಲ. ಹೇಗೆ ಪರೀಕ್ಷಿಸಲಿ ಎಂದು ಹಿಂದಿಯಲ್ಲಿ ಗೋಳಾಡಿದೆ.

ಅವರು ಸಮಾಧಾನ ಹೇಳಿದರು: "ಪರೇಶಾನ್ ಆಗಬೇಡಿ ಸಾಬ್. ರಸ್ತೆ ಹಾಕಿ ಎರಡೇ ದಿನ ಆಯ್ತು. ಮುಂದಿನ ವಾರ ಬನ್ನಿ, ಅಗೆದಿರ್ತಾರೆ."

ಸೀರೆ ಅಂಗಡಿ ಪದ್ಧತಿ

ಮುಂದಿನ ವಾರ ಹೆಂಡತಿಯೂ ಬಂದಳು. ಅವಳಿಗೆ ಆರಿಸುವುದೆಂದರೆ ಸೀರೆ ಅಂಗಡಿಯ ಪದ್ಧತಿಯೇ. ಹನ್ನೆರಡು ಸೈಕಲ್ ಇಳಿಸಲು ಹೇಳಿದಳು, ಒಂದೊಂದನ್ನೂ ಬಾಗಿಲಿಗೆ ತರಿಸಿ ಬಿಸಿಲಲ್ಲಿ ಬಣ್ಣ ನೋಡಿದಳು. "ಕ್ಯಾರಿಯರ್ ಇರಬೇಕ್ರಿ, ಕಾಯಿಪಲ್ಯೆ ಎಲ್ಲಿ ಇಡ್ತೀರಿ?" ಎಂದು ನನಗೆ ತಾಕೀತು ಬೇರೆ. ಅಂಗಡಿಯವರು ಬೆವರೊರೆಸಿಕೊಂಡು ಹದಿಮೂರನೆಯದಕ್ಕೆ ಏಣಿ ಹತ್ತಿದಾಗ ಹೇಳಿದಳು: "ಇರಲಿ ಬಿಡಿ, ಮೊದಲು ತೋರಿಸಿದ್ದನ್ನೇ ಕೊಡಿ."

ಮೊದಲ ಸವಾರಿ

ನಮ್ಮ ಮನೆಗೆ ಹೊಸ ಗಾಡಿ ಬಂದರೆ ಮೊದಲ ಸುತ್ತು ಹಿರಿಯರನ್ನು ಕೂರಿಸಿಕೊಂಡೇ ಆಗಬೇಕು. ಸ್ಕೂಟರಿಗೂ ಹಾಗೇ, ಕಾರಿಗೂ ಹಾಗೇ. ಮರುದಿನ ಬೆಳಗಿನ ಚಳಿಯಲ್ಲಿ ಎಪ್ಪತ್ತಾರರ ಅವ್ವ ಇಳಕಲ್ ಸೀರೆಯುಟ್ಟು, ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅವ್ವಾ, ಇದು ಸೈಕಲ್ಲು."

"ಆದರೇನಾತು? ನಿಮ್ಮಪ್ಪನ ಸೈಕಲ್ ಮ್ಯಾಲೆ ಮೂವತ್ತು ವರ್ಷ ಕುಂತೀನಿ. ನಡಿ, ಗುಡೀ ತನಕ."

ಥಂಡಿಗೆಂದು ಹೆಂಡತಿ ನನಗೆ ಸ್ವೆಟರು, ಮಫ್ಲರು, ಮಂಕಿ ಕ್ಯಾಪು ಎಲ್ಲ ತೊಡಿಸಿದ್ದಳು. ಅವ್ವನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟೆ. ನಮ್ಮ ಓಣಿಯ ತಿರುವಿನಲ್ಲಿ ಕ್ಯಾಪು ಕಣ್ಣಿನ ಮೇಲೆ ಜಾರಿತು. ಗುಂಡಿ ಕಾಣಲಿಲ್ಲ, ಧೊಪ್ಪನೆ ಬಿದ್ದೆ. ಅವ್ವ ಏನಾದಳೋ ಎಂದು ಕ್ಯಾಪು ಕಿತ್ತು ನೋಡಿದರೆ ಅವಳು ನೆಟ್ಟಗೆ ನಿಂತಿದ್ದಾಳೆ! ಗಾಡಿ ವಾಲುವ ಮೊದಲೇ ಜಿಗಿದಿದ್ದಳು. ಕಾಯಿಗೂ ಏನೂ ಆಗಿರಲಿಲ್ಲ. ನನ್ನ ಮಂಡಿ ತರಚಿತ್ತು. ಡಾಕ್ಟರ ಬಳಿ ಹೋದರೆ ಅದಕ್ಕೂ ಸೂಜಿಯೇ ಎಂದು ತೆಪ್ಪಗೆ ಎದ್ದೆ.

ಅವ್ವ ಬಗ್ಗಿ, ಗಾಲಿ ತಿರುಗಿಸಿ ನೋಡಿ ಹೇಳಿದಳು: "ಸೈಕಲ್ ಭಾಳ ಛಲೋ ಆರಿಸೀಯಪಾ. ಅದನ್ನ ಹೊಡಿಯಾವನ್ನ ಆರಿಸೂವಾಗ ಇನ್ನೊಂಚೂರು ನೋಡಬೇಕಿತ್ತು."